ತೊಗಲುಗೊಂಬೆಯ ನಂಟು: ಮೂರು ವಾದಗಳಿಗೆ ಉತ್ತರ

ಜಾವಾ ಹಾಗೂ ಮಲಯ ಸೀಮೆಯ ವಯಾಂಗ್ ಕುಲಿತ್, ಚೀನಾದ ಪಿಯಿಂಗ್ ಎರಡೂ ತೊಗಲುಗೊಂಬೆಯಾಟಗಳು. ಇವುಗಳ ನಂಟಿನ ಬಗ್ಗೆ ಪದೇಪದೇ ಕೇಳಿಬರುವ ಮೂರು ವಾದಗಳನ್ನು ನಾನು ಒಪ್ಪುವುದಿಲ್ಲ.

ಒಂದು: ‘ಈ ಕಲೆ ಚೀನಾದಲ್ಲಿ ಹುಟ್ಟಿ ದಕ್ಷಿಣಕ್ಕೆ ಇಳಿಯಿತು.’ ಇದಕ್ಕೆ ಕೊಡುವ ಆಧಾರ, ಹಾನ್ ಚಕ್ರವರ್ತಿ ವೂ ತೀರಿಕೊಂಡ ಪ್ರಿಯೆಯನ್ನು ಪರದೆಯಾಚೆ ಕಂಡನೆಂಬ ಕಥೆ. ಅಲ್ಲಿ ಕಾಣುವುದು ಒಂದು ಆಕೃತಿ ಮಾತ್ರ. ತೊಗಲಿನ ಗೊಂಬೆಯೂ ಇಲ್ಲ, ಆಟವೂ ಇಲ್ಲ. ಚೀನೀ ನೆರಳಾಟದ ಖಚಿತ ವಿವರಗಳು ಸಿಗುವುದು 960ರಲ್ಲಿ ಪಟ್ಟಕ್ಕೆ ಬಂದ ಸೋಂಗ್ ವಂಶದ ಕಾಲದಿಂದ. ಜಾವಾದ 907ರ ಶಾಸನವಾದರೋ ದೇವರಿಗಾಗಿ ಆಡಿಸಿದ ವಯಾಂಗನ್ನೂ ಭೀಮನ ಕಥೆಯನ್ನೂ ಹೆಸರಿಸುತ್ತದೆ. ಅದು ನೆರಳಾಟವೇ ಎಂದು ಶಾಸನ ಹೇಳುವುದಿಲ್ಲ, ನಿಜ. ಆದರೆ 11ನೆಯ ಶತಮಾನದ ಜಾವಾ ಕಾವ್ಯ ‘ಅರ್ಜುನವಿವಾಹ’ದಲ್ಲಿ, ಕೆತ್ತಿದ ತೊಗಲೆಂದು ತಿಳಿದೂ ಅಳುವ ಪ್ರೇಕ್ಷಕರಿದ್ದಾರೆ. ಹೀಗಿರುವಾಗ ಚೀನಾವನ್ನೇ ತವರೆನ್ನಲು ಆಧಾರವಿಲ್ಲ.

ಎರಡು: ‘ಮಲೇಷ್ಯಾದ ಕೆಲಾಂತಾನ್ ಗೊಂಬೆ ಚೀನೀ ಗೊಂಬೆಯ ನಕಲು.’ ಗೊಂಬೆಗಳೇ ಇದನ್ನು ಅಲ್ಲಗಳೆಯುತ್ತವೆ. ಚೀನೀ ಗೊಂಬೆಯ ತಲೆಯನ್ನು ಕಳಚಿ ಬೇರೆ ಮುಂಡಕ್ಕೆ ಸಿಕ್ಕಿಸಬಹುದು. ಕೈಕಾಲುಗಳನ್ನು ಬೇರೆಬೇರೆಯಾಗಿ ಕತ್ತರಿಸಿ ದಾರದಿಂದ ಕೀಲಿಸುತ್ತಾರೆ. ಕೆಲಾಂತಾನಿನಲ್ಲಿ ತಲೆ, ಮೈ ಒಂದೇ ತೊಗಲು. ಸಾಮಾನ್ಯವಾಗಿ ಆಡುವುದು ಒಂದೇ ಕೈ. ಆಟದ ಹೂರಣ ಸೆರಿ ರಾಮ, ಸೀತಿ ದೇವಿ, ರಾವಣರ ಕಥೆ. ಎಲ್ಲ ಪಾತ್ರಗಳಿಗೂ ಗೊಂಬೆಯಾಡಿಸುವ ದಲಾಂಗ್ ಒಬ್ಬನೇ ದನಿಯಾಗುತ್ತಾನೆ. ಇದರ ಹತ್ತಿರದ ಬಂಧು ದಕ್ಷಿಣ ಥಾಯ್ಲೆಂಡಿನ ನೆರಳಾಟ ನಂಗ್ ತಲುಂಗ್, ಚೀನಾದ ಪಿಯಿಂಗ್ ಅಲ್ಲ. ನಮ್ಮ ತೊಗಲುಗೊಂಬೆಯವರ ರಾಮಾಯಣ ನೋಡಿದ ಕನ್ನಡಿಗರಿಗೂ ಆ ಕಥೆ ಪರಕೀಯವೆನಿಸದು.

ಮೂರು: ‘ಹಾಗಾದರೆ ಎರಡಕ್ಕೂ ಸಂಬಂಧವೇ ಇಲ್ಲ.’ ಇದೂ ತಪ್ಪು. ಚೀನೀ ಮನೆತನದ ಗಾನ್ ತ್ವಾನ್ ಸಿಂಗ್ (1885–1966) 1920ರ ದಶಕದಲ್ಲಿ ಜಾವಾದ ಯೋಗ್ಯಕರ್ತದಲ್ಲಿ ಚೀನೀ–ಜಾವಾ ವಯಾಂಗನ್ನು ಕಟ್ಟಿದರು. ಕಥೆ ತಾಂಗ್ ಕಾಲದ ಸೇನಾನಿ ಶುಯೆ ರೆನ್‌ಗ್ವಿಯದು. ಭಾಷೆ ಜಾವಾದ್ದು, ಹಿಮ್ಮೇಳ ಗಾಮೆಲಾನ್. ಗೊಂಬೆಯ ತಲೆ ಚೀನೀ ಪದ್ಧತಿಯಂತೆ ಕಳಚುವಂಥದ್ದು. ಒಬ್ಬರ ಪ್ರಯೋಗವೆಂದು ಇದನ್ನು ತಳ್ಳಿಹಾಕುವವರಿದ್ದಾರೆ. ಆದರೆ ವಲಸೆ ಬಂದವರು ನೆಲದ ಭಾಷೆಯನ್ನೇ ತಮ್ಮದಾಗಿಸಿಕೊಂಡಿರದಿದ್ದರೆ ಜಾವಾ ಭಾಷೆಯಲ್ಲಿ ಚೀನೀ ವೀರಕಥೆ ಹೇಳುವ ಈ ಆಟ ಹುಟ್ಟುತ್ತಲೇ ಇರಲಿಲ್ಲ.

ಆದ್ದರಿಂದ ಯಾರ ಕಲೆ ಯಾರದಕ್ಕೆ ತಾಯಿ ಎಂಬ ಜಗಳ ಬಿಡೋಣ. ಈ ನಂಟು ಬೆಳೆದದ್ದು ಒಂದೇ ಊರಿನಲ್ಲಿ ಕೂಡಿ ಬಾಳಿದವರ ನಡುವೆ. ಅದಕ್ಕೆ ಸಾಕ್ಷಿಯಾದ ಗಾನ್ ಅವರ ಗೊಂಬೆಗಳು ಯೋಗ್ಯಕರ್ತದ ಸೋನೊಬುದೊಯೊ ವಸ್ತುಸಂಗ್ರಹಾಲಯದಲ್ಲಿವೆ.