ಕಾನ್ವೆಂಟಿನ ಬೀರುವಿನಲ್ಲಿ ಉಳಿದ ರಿಜಿಸ್ಟರುಗಳು

ಕಾನ್ವೆಂಟ್ ಎಂದೊಡನೆ ನಮ್ಮಲ್ಲಿ ನೆನಪಾಗುವುದು ಶಾಲೆ. ಐರ್ಲೆಂಡಿನ ಪ್ರೆಸೆಂಟೇಷನ್ ಸಭೆಯ ಸನ್ಯಾಸಿನಿಯರು 1842ರಲ್ಲೇ ಮದರಾಸಿಗೆ ಬಂದು ಮಕ್ಕಳಿಗೆ ಪಾಠ ಹೇಳಿದವರು. ಅವರ ತಾಯ್ನಾಡಿನಲ್ಲಿ ಆ ಪದಕ್ಕೆ ಇನ್ನೊಂದು, ಕಹಿಯಾದ ಅರ್ಥವೂ ಇದೆ. ಅಲ್ಲಿನ ಕ್ಯಾಥೊಲಿಕ್ ಸಭೆಗಳ ಬೀರುಗಳಲ್ಲಿರುವ ರಿಜಿಸ್ಟರುಗಳು ನ್ಯಾಯವಾಗಿ ಯಾರ ಸ್ವತ್ತು ಎಂಬ ಪ್ರಶ್ನೆಯ ಬೇರು ಇರುವುದು ಆ ಕಹಿಯಲ್ಲಿಯೇ.

ದಾಖಲೆಯ ಬೆಲೆ ಆ ದೇಶಕ್ಕೆ ತಿಳಿಯದ್ದಲ್ಲ. 1922ರ ಜೂನ್ 30ರಂದು, ಅಂತರ್ಯುದ್ಧದ ಆರಂಭದಲ್ಲಿ, ಡಬ್ಲಿನ್‌ನ ಫೋರ್ ಕೋರ್ಟ್ಸ್ ಆವರಣದ ದಾಖಲಾಗಾರ ಸುಟ್ಟುಹೋಗಿ ಶತಮಾನಗಳ ಕಾಗದಪತ್ರಗಳು ಬೂದಿಯಾದವು. ಹೀಗಾಗಿ ಧಾರ್ಮಿಕ ಸಭೆಗಳು ಉಳಿಸಿಕೊಂಡ ಕಾಗದಗಳಿಗೆ ವಿಶೇಷ ಮಹತ್ವವಿದೆ. ಈ ಬಾಬತ್ತಿನಲ್ಲಿ ಫ್ರಾನ್ಸಿಸ್ಕನ್ನರು ಮಾದರಿ. ಲೂವೆನ್ ಮತ್ತು ರೋಮ್‌ನಲ್ಲಿ ಅವರು ಕಾಪಾಡಿದ ಹಸ್ತಪ್ರತಿಗಳಲ್ಲಿ ಹಲವು 1872ರಲ್ಲಿ ಡಬ್ಲಿನ್‌ಗೆ ಮರಳಿದವು. 2000ದಲ್ಲಿ ಗೇಲಿಕ್ ಹಸ್ತಪ್ರತಿಗಳು ಯುನಿವರ್ಸಿಟಿ ಕಾಲೇಜ್ ಡಬ್ಲಿನ್‌ನ ಸುಪರ್ದಿಗೆ ಬಂದವು. ಹೆಮ್ಮೆಯ ಕಾಗದಗಳನ್ನು ಹೀಗೆ ಒಪ್ಪಿಸಬಹುದಾದರೆ ಮುಜುಗರದ ಕಾಗದಗಳನ್ನೇಕೆ ಒಪ್ಪಿಸಬಾರದು?

ಮ್ಯಾಗ್ಡಲೀನ್ ಲಾಂಡ್ರಿಗಳನ್ನು ನೋಡಿ. ಸನ್ಯಾಸಿನಿಯರ ನಾಲ್ಕು ಸಭೆಗಳು ನಡೆಸಿದ ಈ ಆಲಯಗಳಲ್ಲಿ ಹೆಂಗಸರು ಕೂಲಿಯಿಲ್ಲದೆ ಬಟ್ಟೆ ಒಗೆದರು. ಕೊನೆಯದು ಮುಚ್ಚಿದ್ದು 1996ರಲ್ಲಿ. 1922ರಿಂದ ಈಚೆಗೆ ಹತ್ತು ಸಾವಿರಕ್ಕೂ ಹೆಚ್ಚು ಮಂದಿ ಅಲ್ಲಿಗೆ ಸೇರಿದ್ದರು, ಕಾರಣ ತಿಳಿದಿರುವ ಪ್ರಕರಣಗಳಲ್ಲಿ ಕಾಲು ಭಾಗಕ್ಕಿಂತ ಹೆಚ್ಚಿನವರನ್ನು ಕಳುಹಿಸಿದ್ದು ಸರ್ಕಾರವೇ ಎಂದು 2013ರ ಮ್ಯಾಕಲೀಸ್ ಸಮಿತಿ ಹೇಳಿತು. ಗಾಲ್ವೇ ಮತ್ತು ಡನ್ ಲೇರಿಯ ಲಾಂಡ್ರಿಗಳ ರಿಜಿಸ್ಟರುಗಳು ಉಳಿದೇ ಇರಲಿಲ್ಲ.

ಆ ನಂತರ ಸರ್ಕಾರ ಪರಿಹಾರ ಯೋಜನೆ ರೂಪಿಸಿತು. ಒಳಗಿದ್ದ ಅವಧಿಗೆ ತಕ್ಕ ಹಣ: ಮೂರು ತಿಂಗಳೊಳಗಿದ್ದರೆ 11,500 ಯೂರೊ, ಹತ್ತು ವರ್ಷ ದಾಟಿದರೆ ಒಂದು ಲಕ್ಷ. ಅವಧಿಗೆ ಸಾಕ್ಷಿ ಯಾವುದು? ಸಭೆಗಳ ದಾಖಲೆಗಳನ್ನು ಅಧಿಕಾರಿಗಳು ಅತಿಯಾಗಿ ನೆಚ್ಚಿಕೊಂಡರು, ಮಹಿಳೆಯರ ಹೇಳಿಕೆಗೆ ಎಷ್ಟು ತೂಕ ಕೊಟ್ಟರೆಂಬುದೇ ಸ್ಪಷ್ಟವಿಲ್ಲ ಎಂದು ಅಲ್ಲಿನ ಓಂಬುಡ್ಸ್‌ಮನ್ 2017ರಲ್ಲಿ ಆಕ್ಷೇಪಿಸಿದರು. ಸೇವಾವಧಿಯನ್ನೆಲ್ಲ ಕಡತಗಳ ನಡುವೆ ಕಳೆದ ನನಗೆ ಇದರಲ್ಲಿ ಅಚ್ಚರಿಯೇನಿಲ್ಲ. ಎದುರಿಗೆ ನಿಂತ ಮನುಷ್ಯನಿಗಿಂತ ಮೇಜಿನ ಮೇಲಿನ ಕಾಗದವನ್ನು ನಂಬುವುದು ನಮ್ಮ ವರ್ಗದ ಹಳೆಯ ಅಭ್ಯಾಸ. ಆದರೆ ಆ ಕಾಗದ ಆಪಾದನೆಗೆ ಗುರಿಯಾದವರ ಕೈಯಲ್ಲೇ ಇದ್ದರೆ?

ಟ್ಯೂಮ್ ಪಟ್ಟಣದ ಕಥೆ ಇನ್ನೂ ದಾರುಣ. ಬಾನ್ ಸೆಕೂರ್ ಸನ್ಯಾಸಿನಿಯರು 1925ರಿಂದ 1961ರವರೆಗೆ ನಡೆಸಿದ ತಾಯಿ–ಮಗು ಆಶ್ರಮದಲ್ಲಿ ಸತ್ತ 796 ಮಕ್ಕಳ ಹೆಸರುಗಳನ್ನು ಸ್ಥಳೀಯ ಇತಿಹಾಸಕಾರ್ತಿ ಕ್ಯಾಥರೀನ್ ಕಾರ್ಲೆಸ್ ಹೊರತೆಗೆದದ್ದು ಕಾನ್ವೆಂಟಿನ ಪುಸ್ತಕಗಳಿಂದಲ್ಲ, ಸರ್ಕಾರದ ಮರಣ ನೋಂದಣಿಯಿಂದ. ಹೂಳಿದ ದಾಖಲೆ ಸಿಗಲಿಲ್ಲ. ಆ ನೆಲದ ಉತ್ಖನನ ಆರಂಭವಾದದ್ದು 2025ರಲ್ಲಿ.

1986ರ ರಾಷ್ಟ್ರೀಯ ಪತ್ರಾಗಾರ ಕಾಯ್ದೆ ಸರ್ಕಾರಿ ಇಲಾಖೆಗಳನ್ನು ಕುರಿತದ್ದು. ಧಾರ್ಮಿಕ ಸಭೆಗಳ ಕಾಗದ ಅದರ ದೃಷ್ಟಿಯಲ್ಲಿ ಖಾಸಗಿ. ಆದರೆ ಅವರ ಕೈಗಾರಿಕಾ ಶಾಲೆಗಳಿಗೆ ತಲೆಗಿಷ್ಟು ಎಂದು ಅನುದಾನ ಕೊಟ್ಟದ್ದು ಬೊಕ್ಕಸ. ತೆರಿಗೆಯ ಹಣದಿಂದ ನಡೆದ ಕೆಲಸದ ಲೆಕ್ಕಪುಸ್ತಕ ಖಾಸಗಿಯಾಗುವುದು ಹೇಗೆಂದು ಅರ್ಥಶಾಸ್ತ್ರ ಓದಿದ ನನಗಂತೂ ತಿಳಿಯದು.

ಗೋಪ್ಯತೆಯ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ತಮ್ಮ ಹೆಸರು ಹೊರಬರಬಾರದೆಂದು ಬಯಸುವ ವೃದ್ಧೆಯರಿದ್ದಾರೆ. ಆದರೆ ಯಾರು ನೋಡಬಹುದು ಎಂಬುದು ಬೇರೆ, ಯಾರ ವಶದಲ್ಲಿರಬೇಕು ಎಂಬುದು ಬೇರೆ. ಡಬ್ಲಿನ್‌ನ ಶಾನ್ ಮ್ಯಾಕ್‌ಡರ್ಮಟ್ ಬೀದಿಯ ಹಳೆಯ ಲಾಂಡ್ರಿಯಲ್ಲಿ ಸ್ಮಾರಕ ಮತ್ತು ಸಂಶೋಧನಾ ಕೇಂದ್ರ ಸ್ಥಾಪಿಸಲು ಸರ್ಕಾರ 2022ರಲ್ಲಿ ಒಪ್ಪಿಗೆ ನೀಡಿತು. ಸನ್ಯಾಸಿನಿಯರಿಗೆ ವಯಸ್ಸಾಗಿದೆ, ಕಾನ್ವೆಂಟುಗಳು ಒಂದೊಂದಾಗಿ ಮುಚ್ಚುತ್ತಿವೆ. ಅವು ಮಾರಾಟವಾಗುವ ಮುನ್ನ ಮೂಲ ರಿಜಿಸ್ಟರುಗಳನ್ನೂ ಜಮಾ–ಖರ್ಚಿನ ಪುಸ್ತಕಗಳನ್ನೂ ಪತ್ರಾಗಾರಕ್ಕೆ ಒಪ್ಪಿಸುವುದನ್ನು ಕಾನೂನು ಕಡ್ಡಾಯ ಮಾಡಬೇಕು.