ಕ್ಯಾಮೆರಾ ಬದಲಾಯಿತು, ಸಂಘದ ಚಾಕರಿಯೂ ಬದಲಾಗಲಿ

ಹೊನ್ನಾವರದ ಬಳಿ ಶರಾವತಿ ಹೊಳೆಯ ಮಾವಿನಕುರ್ವೆ ಇರಲಿ, ಭಟ್ಕಳದ ಮಾವಿನಕುರ್ವೆ ಬಂದರು ಇರಲಿ, ಇಂದು ಕ್ಯಾಮೆರಾ ಇಲ್ಲದ ಮನೆ ಹುಡುಕುವುದು ಕಷ್ಟ. ಬಲೆಗೆ ದೊಡ್ಡ ಮೀನು ಬಿದ್ದರೆ ದೋಣಿ ದಡ ಮುಟ್ಟುವ ಮೊದಲೇ ಅದರ ಚಿತ್ರ ವಾಟ್ಸ್ಆ್ಯಪ್‌ನಲ್ಲಿ ಊರು ಸುತ್ತಿರುತ್ತದೆ. ಹೀಗಿರುವಾಗ ಹವ್ಯಾಸಿ ಛಾಯಾಗ್ರಾಹಕರಿಗೆಂದೇ ಒಂದು ಸಂಘ, ಅದಕ್ಕೊಬ್ಬ ಅಧ್ಯಕ್ಷ, ಕಾರ್ಯದರ್ಶಿ, ತಿಂಗಳ ಸಭೆ ಯಾಕೆ ಬೇಕು? ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಬೇಕಿದ್ದರೆ ಇಂಥ ಸಂಘಗಳಲ್ಲಿ ನಡೆಯುವ ಕೆಲಸ ಏನು, ಅದನ್ನು ಮಾಡುವವರು ಯಾರು ಎಂಬುದನ್ನು ಮೊದಲು ತಿಳಿಯಬೇಕು.

ಕರ್ನಾಟಕದಲ್ಲಿ ಈ ಪರಂಪರೆಗೆ ಗಟ್ಟಿ ಬೇರಿದೆ. 1953ರಲ್ಲಿ ದೇಶದ ಛಾಯಾಗ್ರಹಣ ಸಂಘಗಳ ಒಕ್ಕೂಟವಾಗಿ ಫೆಡರೇಷನ್ ಆಫ್ ಇಂಡಿಯನ್ ಫೋಟೋಗ್ರಫಿ ಹುಟ್ಟಿದಾಗ ಮುಂಚೂಣಿಯಲ್ಲಿದ್ದವರು ಬೆಂಗಳೂರಿನ ಡಾ. ಜಿ. ಥಾಮಸ್. 1971ರಲ್ಲಿ ಬೆಂಗಳೂರಿನಲ್ಲೇ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಆರಂಭವಾಯಿತು. ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಅವರಂಥ ವನ್ಯಜೀವಿ ಛಾಯಾಗ್ರಾಹಕರು, ರಾಜ್ಯದ ಹಣಕಾಸು ಸಚಿವರಾಗಿದ್ದ ಸಂಡೂರಿನ ಎಂ.ವೈ. ಘೋರ್ಪಡೆ ಈ ವಾತಾವರಣಕ್ಕೆ ಸೇರಿದವರು. ಪೆರುಮಾಳ್ 2017ರಲ್ಲಿ ತೀರಿಕೊಂಡಾಗ ಜನ ಅವರ ಚಿತ್ರಗಳನ್ನು ನೆನೆದಷ್ಟೇ ಅವರು ತಿದ್ದಿ ಬೆಳೆಸಿದ ಕಿರಿಯರನ್ನೂ ನೆನೆದರು. ಆ ತಿದ್ದುವಿಕೆಗೆ ಶುಲ್ಕವಿರಲಿಲ್ಲ. ಸಂಘದ ಮೊದಲ ಬಂಡವಾಳ ಇದೇ: ತಿಳಿದವರು ತಿಳಿಯದವರಿಗೆ ಪುಕ್ಕಟೆಯಾಗಿ ಕೊಡುವ ಸಮಯ.

ಪಾರ್ಸೆಲ್‌ನಿಂದ ಫೈಲಿಗೆ

ಎರಡನೆಯ ಬಂಡವಾಳ ಕಣ್ಣಿಗೆ ಕಾಣದ ಚಾಕರಿ. ಸಂಘಗಳು ನಡೆಸುವ ಸ್ಪರ್ಧಾ ಪ್ರದರ್ಶನಕ್ಕೆ 'ಸಲಾನ್' ಎನ್ನುತ್ತಾರೆ. ರೀಲಿನ ಕಾಲದಲ್ಲಿ ಸಲಾನ್ ಎಂದರೆ ಕಾರ್ಯದರ್ಶಿಯ ಮನೆಯ ತುಂಬ ಅಂಚೆ ಪಾರ್ಸೆಲ್. ದೇಶದ ಮೂಲೆಮೂಲೆಗಳಿಂದ ಬಂದ ಪ್ರಿಂಟ್‌ಗಳನ್ನು ಬಿಚ್ಚಬೇಕು, ಸಂಖ್ಯೆ ಕೊಡಬೇಕು, ತೆಗೆದವರ ಹೆಸರು ತೀರ್ಪುಗಾರರಿಗೆ ಕಾಣದಂತೆ ಮರೆಮಾಡಬೇಕು. ತೀರ್ಪುಗಾರರು ಕೊಟ್ಟ ಅಂಕಗಳನ್ನು ಕೂಡಿ, ಆಯ್ಕೆಯಾದವರಿಗೂ ಆಗದವರಿಗೂ ಪತ್ರ ಬರೆದು, ಪ್ರದರ್ಶನ ಮುಗಿದ ಮೇಲೆ ಪ್ರತಿಯೊಂದು ಪ್ರಿಂಟನ್ನೂ ಮೂಲೆ ಮುರಿಯದಂತೆ ಕಟ್ಟಿ ವಾಪಸ್ ಕಳಿಸಬೇಕು. ಬ್ಯಾಂಕ್ ನೌಕರರು, ವೈದ್ಯರು, ಎಂಜಿನಿಯರುಗಳು ತಮ್ಮ ನೌಕರಿ ಮುಗಿಸಿ ಬಂದು ರಾತ್ರಿ ಮಾಡುತ್ತಿದ್ದ ಕೆಲಸವಿದು. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಯಕ್ಷಗಾನ ಆಟದ ರಾತ್ರಿ ಜನ ನೋಡುವುದು ರಂಗಸ್ಥಳವನ್ನು, ಆದರೆ ಚೌಕಿಯಲ್ಲಿ ಕೈ ಕಡಿಮೆಯಾದರೆ ವೇಷ ಹೊತ್ತಿಗೆ ಸರಿಯಾಗಿ ಹೊರಡುವುದಿಲ್ಲ.

ಡಿಜಿಟಲ್ ಬಂದಾಗ ಈ ಹೊರೆ ಇಳಿಯಿತೆಂದು ಎಲ್ಲರೂ ಭಾವಿಸಿದರು. ಪಾರ್ಸೆಲ್ ನಿಂತಿದ್ದೂ ನಿಜ. ಆದರೆ ಕೆಲಸ ಮಾಯವಾಗಲಿಲ್ಲ, ಒಂದು ಕೈಯಿಂದ ಇನ್ನೊಂದು ಕೈಗೆ ಜಾರಿತು. ಚಿತ್ರ ಸ್ವೀಕರಿಸುವ ಜಾಲತಾಣ ಕಟ್ಟಬೇಕು, ಫೈಲಿನ ಅಳತೆ ಸರಿಯಿದೆಯೇ ನೋಡಬೇಕು, ಆನ್‌ಲೈನ್ ಶುಲ್ಕದ ಲೆಕ್ಕ ಇಡಬೇಕು, ಪ್ರೊಜೆಕ್ಟರಿನ ಬಣ್ಣ ಹೊಂದಿಸಬೇಕು. ಡಾರ್ಕ್‌ರೂಮಿನಲ್ಲಿ ಫೋಟೊ ತೊಳೆಯುವುದರಲ್ಲಿ ಪಳಗಿದ ಹಿರಿಯರಿಗೆ ಈ ಹೊಸ ಕೆಲಸ ಬಾರದು. ಬಲ್ಲ ಕಿರಿಯರಿಗೆ ಸಂಘದಲ್ಲಿ ಹುದ್ದೆಯಿಲ್ಲ. ಸಂಘಗಳು ಎಡವುವುದು ಇಲ್ಲಿ. ಅವುಗಳಿಗೆ ತೊಂದರೆ ಕೊಡುವುದು ಹೊಸ ಯಂತ್ರವಲ್ಲ, ಯಂತ್ರ ಬದಲಾದರೂ ಹಳೆಯ ಜವಾಬ್ದಾರಿಗಳ ಪಟ್ಟಿಯನ್ನೇ ಹಿಡಿದು ಕೂರುವ ಅಭ್ಯಾಸ.

ಮೂರನೆಯ ಅಲೆ ಈಗ ಬಂದಿದೆ. 2023ರಲ್ಲಿ ಜರ್ಮನಿಯ ಬೋರಿಸ್ ಎಲ್ಡಾಗ್‌ಸೆನ್ ಸೋನಿ ವಿಶ್ವ ಛಾಯಾಗ್ರಹಣ ಸ್ಪರ್ಧೆಯ ಒಂದು ವಿಭಾಗದಲ್ಲಿ ಗೆದ್ದರು. ಬಳಿಕ ಆ ಚಿತ್ರವನ್ನು ಕೃತಕ ಬುದ್ಧಿಮತ್ತೆಯಿಂದ ರಚಿಸಿದ್ದಾಗಿ ಹೇಳಿ ಪ್ರಶಸ್ತಿ ನಿರಾಕರಿಸಿದರು. ಸ್ಪರ್ಧೆಗಳು ಇಂಥದ್ದಕ್ಕೆ ಸಜ್ಜಾಗಿವೆಯೇ ಎಂದು ಪರೀಕ್ಷಿಸುವುದು ಅವರ ಉದ್ದೇಶವಾಗಿತ್ತು. ಅಂತರರಾಷ್ಟ್ರೀಯ ಒಕ್ಕೂಟವಾದ ಫಿಯಾಪ್ ತನ್ನ ಮಾನ್ಯತೆಯ ಸಲಾನ್‌ಗಳಲ್ಲಿ ಇಂಥ ಚಿತ್ರಗಳಿಗೆ ಅವಕಾಶ ಕೊಡುವುದಿಲ್ಲ. ನಿಸರ್ಗ ವಿಭಾಗದ ನಿಯಮ ಇನ್ನೂ ಬಿಗಿ: ಚಿತ್ರದ ಅಂಚು ಕತ್ತರಿಸಬಹುದು, ಬೆಳಕು ಹೊಂದಿಸಬಹುದು, ಆದರೆ ಇದ್ದದ್ದನ್ನು ಅಳಿಸುವಂತಿಲ್ಲ, ಇಲ್ಲದ್ದನ್ನು ಸೇರಿಸುವಂತಿಲ್ಲ. ಅನುಮಾನ ಬಂದರೆ 'ರಾ' ಫೈಲ್ ಕೇಳುತ್ತಾರೆ. ಕ್ಯಾಮೆರಾದ ಸಂವೇದಕಕ್ಕೆ ಬಿದ್ದ ಬೆಳಕನ್ನು ಸಂಸ್ಕರಿಸದೆ ಉಳಿಸಿಕೊಂಡ ಮೂಲ ಕಡತವದು, ಹಿಂದೆ ನೆಗೆಟಿವ್ ಕೊಡುತ್ತಿದ್ದ ಸಾಕ್ಷ್ಯವನ್ನು ಈಗ ಅದು ಕೊಡುತ್ತದೆ. ಅಂದರೆ ಪಾರ್ಸೆಲ್ ಬಿಚ್ಚುತ್ತಿದ್ದ ಸ್ವಯಂಸೇವಕ ಈಗ ಸತ್ಯಾಸತ್ಯತೆಯ ತಪಾಸಣೆಗೆ ಕೂರಬೇಕಾಗಿದೆ.

ದೂರ ಕರಗಿತು, ಒಡನಾಟ?

ಯೂತ್ ಫೋಟೋಗ್ರಾಫಿಕ್ ಸೊಸೈಟಿಯ ಸಭೆಗಳು ನಡೆಯುತ್ತಿದ್ದುದು ಬೆಂಗಳೂರಿನ ನೃಪತುಂಗ ರಸ್ತೆಯ ಯುವಜನ ಕೇಂದ್ರದಲ್ಲಿ. ಹೊನ್ನಾವರದವರಿಗೆ ಅದು ಒಂದು ರಾತ್ರಿ ಬಸ್ಸಿನ ದೂರ. 2020ರ ಕೋವಿಡ್ ಕಾಲದಲ್ಲಿ ಇಂಥ ಸಂಘಗಳ ಕಾರ್ಯಕ್ರಮಗಳು ಆನ್‌ಲೈನ್‌ಗೆ ಬಂದಾಗ ಸಣ್ಣ ಊರಿನವರೂ ಮನೆಯಲ್ಲೇ ಕೂತು ಒಳ್ಳೆಯ ಉಪನ್ಯಾಸ ಕೇಳುವಂತಾಯಿತು. ಇದು ದೊಡ್ಡ ಲಾಭ. ಆದರೆ ಉಪನ್ಯಾಸ ಕೇಳುವುದು ಬೇರೆ, ಕಲಿಯುವುದು ಬೇರೆ. ಚಿತ್ರವನ್ನು ಮುಂದಿಟ್ಟುಕೊಂಡು "ಈ ಕೊಂಬೆ ಇಲ್ಲಿ ಬೇಕಿತ್ತೇನೋ ತಮ್ಮಾ?" ಎಂದು ಕೇಳುವ ಹಿರಿಯರು ಎದುರಿಗೆ ಬೇಕು. ಲೈಕುಗಳು ಹೊಗಳುತ್ತವೆ, ತಿದ್ದುವುದಿಲ್ಲ. ಮೊಬೈಲ್ ಯುಗದಲ್ಲೂ ಸ್ಥಳೀಯ ಸಂಘ ಬೇಕು ಎನ್ನುವುದಕ್ಕೆ ಇದಕ್ಕಿಂತ ಬಲವಾದ ಕಾರಣವಿಲ್ಲ.

ಕರಾವಳಿಯಲ್ಲಿ ಇನ್ನೂ ಕಾರಣಗಳಿವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿನ ತೇವಕ್ಕೆ ಲೆನ್ಸುಗಳಿಗೆ ಫಂಗಸ್ ಹಿಡಿಯುತ್ತದೆ. ತೇವ ಹೀರುವ ಪೆಟ್ಟಿಗೆಯನ್ನು ಒಬ್ಬೊಬ್ಬರೇ ಕೊಳ್ಳುವುದು ದುಬಾರಿ, ಸಂಘ ಒಂದನ್ನು ಕೊಂಡರೆ ಹತ್ತು ಜನರ ಸಲಕರಣೆ ಉಳಿಯುತ್ತದೆ. ಚಿತ್ರಕ್ಕೆ ವಸ್ತುವಂತೂ ಹೇರಳ. ಕುಮಟಾದ ಅಘನಾಶಿನಿ ಅಳಿವೆ 2024ರಲ್ಲಿ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿ ಸೇರಿತು. ಹೊನ್ನಾವರದ ಕಾಸರಕೋಡಿನ ಕಡಲತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಬಂತು, ಆ ಭಾಗದ ಮರಳಿನಲ್ಲಿ ಕಡಲಾಮೆಗಳು ಮೊಟ್ಟೆ ಇಡುತ್ತವೆ. ಗುಣವಂತೆಯಲ್ಲಿ 1934ರಿಂದ ಬಂದ ಕೆರೆಮನೆ ಯಕ್ಷಗಾನ ಮೇಳದ ಪರಂಪರೆಯಿದೆ. ಗಜನಿ ಗದ್ದೆ, ಕಾಂಡ್ಲಾ ಕಾಡು, ಮೀನು ಒಣಗಿಸುವ ಹೆಂಗಸರ ದುಡಿಮೆ ಎಲ್ಲವೂ ನಮ್ಮ ಕಣ್ಣೆದುರೇ ಬದಲಾಗುತ್ತಿವೆ. ದಿನಾಂಕ, ಸ್ಥಳ, ಎರಡು ಸಾಲಿನ ವಿವರ ಸೇರಿಸಿದರೆ ಚಿತ್ರ ದಾಖಲೆಯಾಗುತ್ತದೆ. ಹಕ್ಕಿಯದ್ದಾದರೆ ಇ-ಬರ್ಡ್‌ಗೆ, ಕೋಟೆ-ಗುಡಿಗಳದ್ದಾದರೆ ವಿಕಿಮೀಡಿಯ ಕಾಮನ್ಸ್‌ಗೆ ಯಾರು ಬೇಕಾದರೂ ಉಚಿತವಾಗಿ ಸೇರಿಸಬಹುದು. ಕಾಮನ್ಸ್‌ಗೆ ಹಾಕಿದ ಚಿತ್ರವನ್ನು ಇತರರು, ವ್ಯಾಪಾರಕ್ಕೂ ಸೇರಿ, ಬಳಸಬಹುದು ಎಂಬುದು ಮಾತ್ರ ಮೊದಲೇ ಗೊತ್ತಿರಲಿ.

ದಾಖಲಿಸುವ ಉತ್ಸಾಹಕ್ಕೆ ಕಟ್ಟುಪಾಡೂ ಬೇಕು. ಕಡಲಾಮೆಗಳು 1972ರ ವನ್ಯಜೀವಿ ಕಾಯ್ದೆಯಡಿ ರಕ್ಷಿತ ಜೀವಿಗಳು. ರಾತ್ರಿ ಮೊಟ್ಟೆ ಇಡಲು ಬಂದ ಆಮೆಯ ಮೇಲೆ ಫ್ಲ್ಯಾಶ್ ಬಿದ್ದರೆ ಅದು ಬೆದರಿ ನೀರಿಗೆ ಮರಳಬಹುದು. ಗೂಡಿನ ಜಾಗವನ್ನು ಸಾರ್ವಜನಿಕವಾಗಿ ಹೇಳಬಾರದು. ದಕ್ಕೆಯಲ್ಲಿ ದುಡಿಯುವವರ ಮುಖ ತೆಗೆಯುವ ಮೊದಲು ಕೇಳಬೇಕು. ಒಬ್ಬಂಟಿ ಮೊಬೈಲಿಗೆ ಇದನ್ನು ಹೇಳಿಕೊಡುವವರಿಲ್ಲ, ಸಂಘ ಹೇಳಿಕೊಡಬಲ್ಲದು.

ಏನು ಬದಲಾಗಬೇಕು, ಏನು ಬದಲಾಗಬಾರದು

ನೋಂದಾಯಿತ ಸಂಘ ಎಂದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಂತೆ ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ, ಲೆಕ್ಕಪತ್ರ ಎಲ್ಲ ಉಂಟು. ಇವೆಲ್ಲ ಒಬ್ಬರ ಹೆಗಲಿಗೇ ಬಿದ್ದರೆ ಆತ ಬೇಗ ದಣಿಯುತ್ತಾನೆ. ಇಲ್ಲವೇ ಸಂಘ ಆತನ ಖಾಸಗಿ ಆಸ್ತಿಯಂತಾಗುತ್ತದೆ. ಎರಡಕ್ಕೂ ಮದ್ದು ಒಂದೇ: ಕೆಲಸವನ್ನು ಸಣ್ಣ ಸಣ್ಣ ತುಂಡು ಮಾಡುವುದು, ಪ್ರತಿ ಹೊಣೆಗೂ ಅವಧಿ ಇಡುವುದು, ಬಿಟ್ಟುಹೋಗುವವರು ಮಾಡುವ ವಿಧಾನವನ್ನು ಬರೆದಿಟ್ಟು ಹೋಗುವುದು. ಹೊಸ ಸದಸ್ಯನಿಗೆ "ನೀನು ಸಮಿತಿಗೆ ಬಾ" ಎಂದರೆ ಹಿಂಜರಿಯುತ್ತಾನೆ. "ಈ ತಿಂಗಳ ಚಿತ್ರಗಳನ್ನು ಒಟ್ಟುಮಾಡಿ ತೋರಿಸು" ಎಂದರೆ ಒಪ್ಪುತ್ತಾನೆ.

ಬದಲಾಗಬಾರದವೂ ಇವೆ. ಹೆಸರು ಮರೆಮಾಡಿ ತೀರ್ಪು ಕೊಡುವ ಶಿಸ್ತು, ಎದುರೆದುರೇ ಹೇಳುವ ಪ್ರಾಮಾಣಿಕ ವಿಮರ್ಶೆ, ಹುದ್ದೆಯಿಂದ ಹಣ ಮಾಡದ ನಿಯಮ ಇವು ರೀಲಿನ ಕಾಲದ ಸಂಘಗಳಿಂದ ಹಾಗೆಯೇ ಮುಂದುವರಿಯಬೇಕು. ಮೊಬೈಲ್ ಹಿಡಿದವನನ್ನು ಕೀಳಾಗಿ ಕಾಣುವ ಬಿಗುಮಾನ ಮಾತ್ರ ಹೋಗಬೇಕು.

ಹೊನ್ನಾವರ, ಭಟ್ಕಳ, ಕುಮಟಾಗಳಲ್ಲಿ ಸಂಘ ಕಟ್ಟುವ ಮನಸ್ಸಿರುವವರು ಅಧ್ಯಕ್ಷರ ಆಯ್ಕೆ, ಲೆಟರ್‌ಹೆಡ್ಡುಗಳಿಂದ ಶುರುಮಾಡುವುದು ಬೇಡ. ತಿಂಗಳಿಗೊಮ್ಮೆ ಸೇರಲು ಒಂದು ಶಾಲಾ ಕೊಠಡಿ, ಚಿತ್ರ ಒಟ್ಟುಮಾಡಲು ಒಬ್ಬರು, ತಿದ್ದಿ ಹೇಳಲು ಒಬ್ಬರು, ಲೆಕ್ಕ ಇಡಲು ಒಬ್ಬರು ಸಿಕ್ಕರೆ ಸಾಕು. ವರ್ಷ ಕಳೆದ ಮೇಲೆ ಆ ಮೂವರೂ ತಮ್ಮ ಕೆಲಸವನ್ನು ಬೇರೆ ಮೂವರಿಗೆ ಕಲಿಸಿ ಬಿಟ್ಟುಕೊಡಲಿ. ಬಿಟ್ಟುಕೊಡಲು ಬಂದರೆ ಆ ಸಂಘ ಮುಂದಿನ ಕ್ಯಾಮೆರಾವನ್ನೂ ಎದುರಿಸುತ್ತದೆ.