ಐದು ಪಾಲಿಕೆ, ಹಳೆಯ ಬೈಲಾ: ಮೊದಲು ಯಾವುದು?

ಮಹಾವೀರ ಜಯಂತಿಗೆ ಕೆಲವು ದಿನ ಮುಂಚೆ ಬೆಂಗಳೂರಿನಲ್ಲಿ ವರ್ಷವೂ ಒಂದು ಆದೇಶ ಹೊರಬೀಳುತ್ತಿತ್ತು. ಅಂದು ಪ್ರಾಣಿವಧೆ ಮತ್ತು ಮಾಂಸ ಮಾರಾಟಕ್ಕೆ ನಿಷೇಧ ಎಂದು ಬಿಬಿಎಂಪಿಯ ಪಶುಪಾಲನಾ ವಿಭಾಗ ಹೊರಡಿಸುತ್ತಿದ್ದ ಒಂದು ಪುಟದ ಆದೇಶ ಅದು. ಬೈಲಾ ಅಲ್ಲ. ಆಯಾ ವರ್ಷಕ್ಕೆ ಅಧಿಕಾರಿ ಸಹಿ ಹಾಕಿದರೆ ಉಂಟು, ಹಾಕದಿದ್ದರೆ ಇಲ್ಲ.

2025ರ ಸೆಪ್ಟೆಂಬರ್ 2ರಂದು ಬಿಬಿಎಂಪಿ ಹೋಗಿ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂಬ ಐದು ನಗರ ಪಾಲಿಕೆಗಳು ಬಂದವು. ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದಕ್ಕೆ ಮುಖ್ಯಮಂತ್ರಿಗಳೇ ಅಧ್ಯಕ್ಷರು. ಆಯುಕ್ತರು ಐವರು. ಪಾಲಿಕೆ ಹೊಸದಾದರೂ ನಿಯಮ ಹಳೆಯದೇ: ಬದಲಿ ಬರುವವರೆಗೆ ಹಿಂದಿನ ಬೈಲಾಗಳೇ ನಡೆಯುತ್ತವೆ. ಕಟ್ಟಡ ಬೈಲಾ 2003ರದು, ಅಂದರೆ 2007ರಲ್ಲಿ ಹುಟ್ಟಿದ ಬಿಬಿಎಂಪಿಗಿಂತಲೂ ಹಿರಿಯದು! ಘನತ್ಯಾಜ್ಯ ಬೈಲಾ 2020ರದು. ಎಲ್ಲವನ್ನೂ ಒಟ್ಟಿಗೆ ತಿದ್ದಲಾಗದು. ಹಾಗಾಗಿ ಮೊದಲು ಯಾವುದು ಎಂಬುದೇ ಪ್ರಶ್ನೆ.

ಸಮಾಜದ ಹಿರಿಯರಲ್ಲಿ ಹಲವರ ಉತ್ತರ ಸಿದ್ಧವಿದೆ: ವರ್ಷವರ್ಷದ ಆದೇಶವನ್ನು ಕಾಯಂ ನಿಯಮ ಮಾಡಿ, ಪರ್ಯೂಷಣವನ್ನೂ ಸೇರಿಸಿ. ಈ ಬೇಡಿಕೆಗೆ ಕಾನೂನಿನ ಆಧಾರ ಇಲ್ಲದಿಲ್ಲ. ಅಹಮದಾಬಾದ್ ಮಹಾನಗರ ಪಾಲಿಕೆ 1998 ಮತ್ತು 1999ರಲ್ಲಿ ನಿರ್ಣಯ ಮಾಡಿ ಪರ್ಯೂಷಣದ ದಿನಗಳಲ್ಲಿ ತನ್ನ ಕಸಾಯಿಖಾನೆಗಳನ್ನು ಮುಚ್ಚಿಸಿತ್ತು. ಗುಜರಾತ್ ಹೈಕೋರ್ಟ್ ಅದನ್ನು ರದ್ದುಮಾಡಿತು. 2008ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ನಿರ್ಣಯವನ್ನು ಎತ್ತಿಹಿಡಿಯಿತು. ಆದರೆ ಆ ತೀರ್ಪು ನಿಂತಿರುವುದು ಅವಧಿ ಚಿಕ್ಕದು ಎಂಬ ಮಾತಿನ ಮೇಲೆ. ವರ್ಷದಲ್ಲಿ ಒಂಬತ್ತು ದಿನವಾದರೆ ವ್ಯಾಪಾರದ ಹಕ್ಕಿಗೆ ಅತಿಯಾದ ಅಡ್ಡಿಯಲ್ಲ, ದೀರ್ಘಕಾಲ ಮುಚ್ಚಿಸಿದರೆ ವಿಷಯ ಬೇರೆಯಾಗುತ್ತಿತ್ತು ಎಂಬುದು ಅದರ ತಿರುಳು. 2015ರಲ್ಲಿ ಮುಂಬೈಯಲ್ಲಿ ಇಂಥದೇ ಮಾರಾಟ ನಿಷೇಧಕ್ಕೆ ಬಾಂಬೆ ಹೈಕೋರ್ಟ್ ತಡೆ ಕೊಟ್ಟದ್ದನ್ನೂ ಮರೆಯುವಂತಿಲ್ಲ. ಅರ್ಜಿ ಬರೆಯುವವರು ದಿನಗಳನ್ನು ಲೆಕ್ಕಹಾಕಿ ಬರೆಯಬೇಕು. ಅಲ್ಲಿಯೂ ಮನೆಯೊಳಗಿನ ಒಂದು ತೊಡಕಿದೆ. ಶ್ವೇತಾಂಬರರ ಎಂಟು ದಿನ ಮುಗಿಯುವ ಹೊತ್ತಿಗೆ ದಿಗಂಬರರ ದಶಲಕ್ಷಣ ಭಾದ್ರಪದ ಶುದ್ಧ ಪಂಚಮಿಗೆ ಆರಂಭವಾಗುತ್ತದೆ. ಎರಡನ್ನೂ ಕೂಡಿಸಿ ಕೇಳಿದರೆ ಹೆಚ್ಚುಕಡಿಮೆ ಹದಿನೆಂಟು ದಿನ. ನ್ಯಾಯಾಲಯ ಒಪ್ಪಿದ್ದು ಅದರ ಅರ್ಧ.

ಇಷ್ಟಾದರೂ ಸರದಿಯಲ್ಲಿ ಮೊದಲು ನಿಲ್ಲಬೇಕಾದದ್ದು ಇದಲ್ಲ, ಕಟ್ಟಡ ಬೈಲಾ. 2025ರ ಆಗಸ್ಟ್‌ನಲ್ಲಿ ನಗರ್ತಪೇಟೆಯ ಕಟ್ಟಡವೊಂದಕ್ಕೆ ಬೆಂಕಿ ಬಿದ್ದು ಐವರು ಸತ್ತರು. ಚಿಕ್ಕಪೇಟೆ, ಮಾಮೂಲ್‌ಪೇಟೆ, ನಗರ್ತಪೇಟೆಗಳ ಗಲ್ಲಿಗಳಲ್ಲಿ ಕೆಳಗೆ ಅಂಗಡಿ, ನಡುವೆ ಗೋದಾಮು, ಮೇಲೆ ಸಂಸಾರ ಎಂಬ ಕಟ್ಟಡಗಳು ಎಷ್ಟಿವೆ, ಅಲ್ಲಿ ದುಡಿಯುವ ಜೈನ ಕುಟುಂಬಗಳೆಷ್ಟು ಎಂಬುದನ್ನು ಪೇಟೆಯ ಶ್ರಾವಕರಿಗೆ ಯಾರೂ ಹೇಳಿಕೊಡಬೇಕಿಲ್ಲ. ಇಳಿಯಲು ಒಂದೇ ಮೆಟ್ಟಿಲು, ಅದರ ಮೇಲೂ ಬಟ್ಟೆಯ ಗಂಟು. ಅಗ್ನಿಶಾಮಕ ವಾಹನ ಬಾಗಿಲವರೆಗೆ ಬರುವುದಿಲ್ಲ. ಬಡಾವಣೆಯ ನಿವೇಶನಕ್ಕೆ ಹೊಂದುವ ಸುತ್ತ ಜಾಗ ಬಿಡುವ ಲೆಕ್ಕ ಈ ಗಲ್ಲಿಗಳಲ್ಲಿ ನಡೆಯದು, ನಡೆಯದ ನಿಯಮವನ್ನು ಯಾರೂ ಪಾಲಿಸುವುದೂ ಇಲ್ಲ. ಪೇಟೆ ಪ್ರದೇಶ ಈಗ ಕೇಂದ್ರ ಪಾಲಿಕೆಯ ಪಾಲಿಗೆ ಬಂದಿದೆ. ಐದು ಪಾಲಿಕೆಯ ಏರ್ಪಾಡಿನಿಂದ ನಿಜವಾದ ಲಾಭ ಆಗಬೇಕಿದ್ದರೆ ಇಲ್ಲೇ: ಹಳೆಯ ಪೇಟೆಗೇ ಹೊಂದುವ ನಿಯಮ. ಎರಡನೇ ಮೆಟ್ಟಿಲು, ಹಳೆಯ ವೈರಿಂಗ್‌ನ ತಪಾಸಣೆ, ವಾಸವಿರುವ ಮಹಡಿಯ ಕೆಳಗೆ ಬೇಗ ಹೊತ್ತಿಕೊಳ್ಳುವ ಸರಕಿಗೆ ಮಿತಿ, ಉದ್ದಿಮೆ ಪರವಾನಗಿ ನವೀಕರಣಕ್ಕೆ ಇವನ್ನು ಜೋಡಿಸುವುದು. ಅಂಗಡಿಯವರಿಗೆ ಖರ್ಚು ಬರುತ್ತದೆ, ಗೊಣಗಾಟವೂ ಬರುತ್ತದೆ. ಅದರಲ್ಲಿ ನಮ್ಮವರ ದನಿಯೂ ಇರುತ್ತದೆ.

ಕಸದ ಬೈಲಾ 2020ರದಷ್ಟೆ, ಕಾಯಬಹುದು. ಬಸದಿಯ ಊಟದ ಮನೆಗಳು ಹಸಿ ಕಸವನ್ನು ಬೇರ್ಪಡಿಸಲು ಹೊಸ ನಿಯಮ ಬೇಕಿಲ್ಲ.

ಯಾರು ನಿರ್ಧರಿಸುತ್ತಾರೆ ಎಂಬುದು ಇನ್ನೊಂದು ಕಗ್ಗಂಟು. ಬಿಬಿಎಂಪಿಯ ಕೊನೆಯ ಚುನಾಯಿತ ಸಭೆಯ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿದಿತ್ತು. ಐದು ಪಾಲಿಕೆಗಳು ಹುಟ್ಟಿದಾಗ ಒಬ್ಬ ಕಾರ್ಪೊರೇಟರ್ ಕೂಡ ಇರಲಿಲ್ಲ. ಅಂಥ ಹೊತ್ತಿನಲ್ಲಿ ಜನರಿಗೆ ಉಳಿಯುವ ದಾರಿ ಆಕ್ಷೇಪಣೆಯದು. ಬೈಲಾದ ಕರಡನ್ನು ಪ್ರಕಟಿಸಿ, ಸಲಹೆ ಆಕ್ಷೇಪಣೆ ಕರೆದು, ಸರ್ಕಾರದ ಒಪ್ಪಿಗೆ ಪಡೆಯುವುದು ಕ್ರಮ. ಮೈಸೂರು, ಬೆಳಗಾವಿ, ಹುಬ್ಬಳ್ಳಿ-ಧಾರವಾಡಗಳಂಥ ಪಾಲಿಕೆಗಳು 1976ರ ಕಾಯ್ದೆಯಡಿ ಇದ್ದರೂ ಅಲ್ಲಿನ ರೀತಿಯೂ ಇದೇ. ಮಹಾವೀರ ಜಯಂತಿಯ ಆದೇಶಕ್ಕಾಗಿ ಆಯುಕ್ತರ ಕಚೇರಿಗೆ ವರ್ಷವೂ ಹೋಗುವ ನಿಯೋಗಗಳು, ಕಟ್ಟಡ ಬೈಲಾದ ಕರಡು ಬಂದಾಗ ಪೇಟೆಯ ಮೆಟ್ಟಿಲುಗಳ ಫೋಟೋ ಹಿಡಿದು ಅದೇ ಕಚೇರಿಗೆ ಹೋಗಬಹುದು.